ಮಳೆಗಿಂತ ಮೊದಲೇ ನೆರೆ: ಉಡುಪಿಯ ಒಂದು ರಾತ್ರಿಯನ್ನು ನಕ್ಷೆಗೆ ಇಳಿಸಿದಾಗ

2020ರ ಸೆಪ್ಟೆಂಬರ್ 19, ಶನಿವಾರ. ಆ ರಾತ್ರಿ ಉಡುಪಿಯಲ್ಲಿ ಸುರಿದ ಮಳೆಗೆ ಭಾನುವಾರ ಬೆಳಗಾಗುವಷ್ಟರಲ್ಲಿ ಇಂದ್ರಾಣಿ ತೋಡು (ಚಿಕ್ಕ ಹಳ್ಳ) ಉಕ್ಕಿ ಪೇಟೆಯ ಕಲ್ಸಂಕದ ಸುತ್ತ ನೀರು ತುಂಬಿತ್ತು. ಸ್ವರ್ಣಾ ನದಿ ದಂಡೆ ಮೀರಿ, ತಗ್ಗಿನ ಮನೆಗಳಿಂದ ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ಅಂಥ ರಾತ್ರಿಯನ್ನು ಕಂಪ್ಯೂಟರ್ ನಕ್ಷೆಯ ವ್ಯವಸ್ಥೆಯಾದ ಜಿಐಎಸ್‌ನಲ್ಲಿ ಕಟ್ಟಿ, ಎಷ್ಟು ಹೊತ್ತಿಗೆ ಎಲ್ಲಿ ಮಳೆ ಬಿತ್ತು, ಎಷ್ಟು ಹೊತ್ತಿಗೆ ಯಾವ ಜಾಗ ಮುಳುಗಿತು ಎಂಬುದನ್ನು ಹದಿನೈದು ನಿಮಿಷಕ್ಕೊಂದು ಚಿತ್ರವಾಗಿ ಓಡಿಸಿ ನೋಡುವ ಕೆಲಸದ ಪ್ರಕರಣ ಇದು. ರಾತ್ರಿ, ಊರು, ನದಿ ಎಲ್ಲ ನಿಜ. ಕೆಳಗೆ ಬರುವ ಮಿಲಿಮೀಟರ್ ಅಂಕಿಗಳು, ಫೋಟೋಗಳು, ಅವುಗಳ ಹೊತ್ತು ಮಾತ್ರ ವಿಧಾನ ತೋರಿಸಲು ಹಾಕಿದ ಮಾದರಿಗಳು. ಆದರೆ ಅವು ಕೆಡುವ ರೀತಿ ಮಾತ್ರ ನೆರೆಯ ದತ್ತಾಂಶ ಮುಟ್ಟಿದವರಿಗೆಲ್ಲ ಪರಿಚಿತವೇ.

ಮೊದಲ ಸಲ ಅನಿಮೇಷನ್ ಓಡಿಸಿದಾಗ ಪರದೆಯ ಮೇಲೆ ಕಂಡದ್ದು ಇದು: ಶನಿವಾರ ರಾತ್ರಿ 22:40ಕ್ಕೆ ಕಲ್ಸಂಕದಲ್ಲಿ ನೀಲಿ ಚುಕ್ಕಿ ಹತ್ತಿಕೊಂಡಿತು. ಆಗ ಮಳೆಯ ಲೇಯರ್ (ನಕ್ಷೆಯ ಪದರ) ಪೂರ್ತಿ ಖಾಲಿ. ಮಧ್ಯರಾತ್ರಿ 00:00 ಆದದ್ದೇ ತಡ, ಜಿಲ್ಲೆಯ ಎಲ್ಲ ಮಳೆಮಾಪಕಗಳೂ ಒಟ್ಟಿಗೆ ಉರಿದು ಮರುಕ್ಷಣ ಆರಿಹೋದವು. ಉಪಗ್ರಹದ ಮಳೆ ಇನ್ನೊಂದೇ ದಾರಿ ಹಿಡಿದು, ಸಂಜೆಯೇ ಶುರುವಾಗಿ ಜನ ಮಲಗುವ ಹೊತ್ತಿಗೆ ಮುಗಿದಿತ್ತು. ನೆರೆ ಮೊದಲು, ಮಳೆ ಆಮೇಲೆ. ತಂತ್ರಾಂಶ ಒಂದೇ ಒಂದು ಎಚ್ಚರಿಕೆ ಕೊಡಲಿಲ್ಲ, ಏಕೆಂದರೆ ಅದರ ಮಟ್ಟಿಗೆ ಎಲ್ಲವೂ ಸರಿಯಾದ ದಿನಾಂಕಗಳೇ.

ಜಾಗದ ವಿಷಯದಲ್ಲಿ ನಾವೆಲ್ಲ ಹುಷಾರಾಗಿದ್ದೇವೆ. ನಿರ್ದೇಶಾಂಕ ಪದ್ಧತಿ ಹೇಳದ ಲೇಯರನ್ನು ಯಾರೂ ನಂಬುವುದಿಲ್ಲ. ಉಡುಪಿಯ ಕೆಲಸವಾದರೆ ಯುಟಿಎಂ ಎಂಬ ನಿರ್ದೇಶಾಂಕ ಪದ್ಧತಿಯ 43 ಉತ್ತರ ವಲಯ ಹಾಕಿದ್ದೀರಾ ಎಂದು ಮೊದಲೇ ಕೇಳುತ್ತಾರೆ. ಹೊತ್ತಿನ ಬಗ್ಗೆ ಯಾರೂ ಹಾಗೆ ಕೇಳುವುದಿಲ್ಲ. ದಿನಾಂಕದ ಕಾಲಂ ಇದ್ದರೆ ಸಾಕು, ಅದು ಯಾವ ಗಡಿಯಾರದ್ದು, ಯಾವ ಅವಧಿಯ ಆರಂಭವೋ ಕೊನೆಯೋ ಎಂದು ವಿಚಾರಿಸದೆ ಲೇಯರ್ ಮೇಲೆ ಲೇಯರ್ ಪೇರಿಸುತ್ತೇವೆ. ಈ ಪ್ರಕರಣದಲ್ಲಿ ಕೆಟ್ಟದ್ದೆಲ್ಲ ಅಲ್ಲೇ.

ಮಳೆಯ "20ನೇ ತಾರೀಕು" ಎಂದರೆ ಯಾವ 24 ಗಂಟೆ?

ಕೈಯಿಂದ ಓದುವ ಮಳೆಮಾಪಕದ ಕೋಷ್ಟಕದಲ್ಲಿ 20-09-2020 ಎಂದು ಬರೆದಿದ್ದರೆ ಅದು 19ರ ಬೆಳಗ್ಗೆ 8:30ರಿಂದ 20ರ ಬೆಳಗ್ಗೆ 8:30ರವರೆಗೆ ಬಿದ್ದ ಮಳೆ. ಹವಾಮಾನ ಇಲಾಖೆಯ ಮಳೆ ದಿನ ಹೀಗೇ: ಅಳೆದ ದಿನದ ತಾರೀಕು, ಅಂದರೆ ಅವಧಿಯ ಕೊನೆ. ಈ ತಾರೀಕನ್ನು ಬರಿಯ ದಿನಾಂಕವಾಗಿ ಜಿಐಎಸ್ ತಂತ್ರಾಂಶವಾದ ಕ್ಯೂಜಿಐಎಸ್‌ಗೆ ಕೊಟ್ಟರೆ ಅದು 20ರ 00:00 ಎಂದು ಓದಿಕೊಳ್ಳುತ್ತದೆ. ಎಲ್ಲ ಮಾಪಕಗಳೂ ಮಧ್ಯರಾತ್ರಿ ಒಟ್ಟಿಗೆ ಹೊಳೆದದ್ದು ಇದಕ್ಕೇ. "ಅವಧಿ 1 ದಿನ" ಎಂದು ಸೆಟ್ ಮಾಡಿದರೂ ರೋಗ ವಾಸಿಯಾಗುವುದಿಲ್ಲ. ಆಗ ಮಳೆ 20ರ ಮಧ್ಯರಾತ್ರಿಯಿಂದ 21ರ ಮಧ್ಯರಾತ್ರಿವರೆಗೆ ಬಿದ್ದಂತೆ ಕಾಣುತ್ತದೆ, ನಿಜವಾದ ಅವಧಿಯೊಂದಿಗೆ ಅದು ಹೊಂದುವುದು ಬರೀ ಎಂಟೂವರೆ ಗಂಟೆ.

ಉಪಗ್ರಹ ಆಧಾರಿತ ಐಮರ್ಜ್ ಮಳೆ ದತ್ತಾಂಶದಲ್ಲಿ ದಿನ ಎಂದರೆ ಯುಟಿಸಿಯ (ಗ್ರೀನಿಚ್ ಆಧಾರದ ಜಾಗತಿಕ ಸಮಯದ) 00ರಿಂದ 24. ನಮ್ಮ ಲೆಕ್ಕದಲ್ಲಿ ಬೆಳಗ್ಗೆ 5:30ರಿಂದ ಮರುದಿನ 5:30. ಎರಡೂ ಕೋಷ್ಟಕಗಳನ್ನು "ತಾರೀಕು ಸಮ" ಎಂಬ ಷರತ್ತಿನಲ್ಲಿ ಜೋಡಿಸಿದಾಗ ಆದದ್ದು ನೋಡಿ. ಐಮರ್ಜ್‌ನ 20 ಎಂದರೆ 20ರ 5:30ರಿಂದ 21ರ 5:30. ಮಾಪಕದ 20 ಎಂದರೆ 19ರ 8:30ರಿಂದ 20ರ 8:30. ಇವೆರಡೂ ಕೂಡುವುದು 20ರ ಬೆಳಗ್ಗೆ 5:30ರಿಂದ 8:30ರವರೆಗಿನ ಮೂರೇ ಗಂಟೆ! ಐಮರ್ಜ್‌ನ 19ನ್ನು ಮಾಪಕದ 20ಕ್ಕೆ ಹೊಂದಿಸಿದ್ದರೆ 21 ಗಂಟೆ ಕೂಡುತ್ತಿತ್ತು. ಉಪಗ್ರಹದ ಮಳೆಗೂ ನೆಲದ ಮಳೆಗೂ ತಾಳೆಯೇ ಇಲ್ಲ ಎಂದು ಕೈಚೆಲ್ಲುವ ಎಷ್ಟೋ ಹೋಲಿಕೆಗಳಲ್ಲಿ ತಪ್ಪು ಉಪಗ್ರಹದ್ದಾಗಿರುವುದಿಲ್ಲ.

ಸರಿಪಡಿಸಲು ದಿನದ ಮೊತ್ತವನ್ನು ಬಿಟ್ಟು ಅರ್ಧ ಗಂಟೆಯ ಕಡತಗಳಿಗೇ ಹೋಗಬೇಕು. 19ರ ಯುಟಿಸಿ 03:00ರಿಂದ 20ರ ಯುಟಿಸಿ 03:00ರವರೆಗಿನ 48 ಕಡತಗಳನ್ನು ಕೂಡಿಸಿದರೆ ಅದು ನಮ್ಮ 8:30ರಿಂದ 8:30. ಕೂಡಿಸುವಾಗ ಇನ್ನೊಂದು ಹೊಂಡ ಇದೆ: ಆ ಕಡತಗಳಲ್ಲಿರುವುದು ಗಂಟೆಗೆ ಇಷ್ಟು ಮಿಲಿಮೀಟರ್ ಎಂಬ ದರ. ಅರ್ಧ ಗಂಟೆಯ ಮಳೆ ಬೇಕಾದರೆ 0.5ರಿಂದ ಗುಣಿಸಬೇಕು, ಮರೆತರೆ ಮೊತ್ತ ಇಮ್ಮಡಿಯಾಗುತ್ತದೆ. ಘಟ್ಟದ ಬುಡದ ಮಳೆಯನ್ನು ಉಪಗ್ರಹ ಸಾಮಾನ್ಯವಾಗಿ ಕಡಿಮೆ ಅಂದಾಜಿಸುತ್ತದೆಯಾದ್ದರಿಂದ ಈ ಇಮ್ಮಡಿ ಮೊತ್ತ ಮಾಪಕದ ಅಂಕಿಯ ಹತ್ತಿರ ಬಂದು, ಸರಿಯಾಯಿತು ಎಂಬ ಭ್ರಮೆ ಹುಟ್ಟಿಸುವುದೂ ಉಂಟು. ಈ ಕೆಲಸದಲ್ಲಿ ಐಮರ್ಜನ್ನು ಮಳೆಯ ಹೊತ್ತು ತಿಳಿಯಲು ಮಾತ್ರ ಬಳಸಿ, ಪ್ರಮಾಣಕ್ಕೆ ನೆಲದ ಮಾಪಕಗಳನ್ನೇ ನೆಚ್ಚಿಕೊಳ್ಳಲಾಯಿತು. ಅದರ ಚೌಕ 0.1 ಡಿಗ್ರಿ, ನಮ್ಮ ಅಕ್ಷಾಂಶದಲ್ಲಿ ಸುಮಾರು 11 ಕಿ.ಮೀ. ಮಣಿಪಾಲದ ಮಳೆಯನ್ನೂ ಮಲ್ಪೆಯ ಮಳೆಯನ್ನೂ ಅದು ಬಿಡಿಸಿ ಹೇಳಲಾರದು.

ಟೆಲಿಮೆಟ್ರಿಕ್ ಮಾಪಕಗಳು 15 ನಿಮಿಷಕ್ಕೊಮ್ಮೆ ತಾವಾಗಿಯೇ ಅಂಕಿ ಕಳಿಸುತ್ತವೆ, ಹಾಗಾಗಿ ನಕ್ಷೆಯ ಬೆನ್ನೆಲುಬು ಅವೇ. ಇಲ್ಲಿ ಬಂದ ಕೋಷ್ಟಕದಲ್ಲಿದ್ದದ್ದು 8:30ರಿಂದ ಏರುತ್ತಾ ಹೋಗುವ ಒಟ್ಟು ಮೊತ್ತ. ಹಿಂದಿನ ಸಾಲನ್ನು ಕಳೆದರೆ ಆ 15 ನಿಮಿಷದ ಮಳೆ ಸಿಗುತ್ತದೆ. 8:30ಕ್ಕೆ ಲೆಕ್ಕ ಮತ್ತೆ ಸೊನ್ನೆಗೆ ಇಳಿಯುವುದರಿಂದ ಅಲ್ಲಿ ಋಣ ಸಂಖ್ಯೆ ಬರುತ್ತದೆ. ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಣ್ಣಿಗೆ ಬೀಳದ್ದು ಬೇರೆ. ಮಾದರಿ ಸಾಲುಗಳು: 03:00ಕ್ಕೆ 96.5 ಮಿ.ಮೀ., 03:15ಕ್ಕೆ 108.0, ಆಮೇಲೆ 03:30, 03:45 ಎರಡೂ ಇಲ್ಲ, 04:00ಕ್ಕೆ 141.5. ಕರೆಂಟೋ ಸಿಗ್ನಲೋ ಹೋಗಿದೆ. ಕಣ್ಣುಮುಚ್ಚಿ ಕಳೆದರೆ 03:45ರಿಂದ 04:00ರ ನಡುವೆ 33.5 ಮಿ.ಮೀ. ಬಿದ್ದಂತಾಗುತ್ತದೆ, ಗಂಟೆಗೆ 134 ಮಿ.ಮೀ. ದರ. ವರದಿಯಲ್ಲಿ "ಮೇಘಸ್ಫೋಟ" ಎಂಬ ಶಬ್ದ ನುಸುಳುವುದು ಇಂಥ ಕಿಂಡಿಯಿಂದಲೇ. ನಿಜದಲ್ಲಿ ಅದು 03:15ರಿಂದ 04:00ರವರೆಗಿನ 45 ನಿಮಿಷದ ಮಳೆ, ಹಾಗೆಯೇ ಒಂದೇ ಸಾಲಾಗಿ ಇಡಬೇಕು. ಚಿತ್ರಕ್ಕಾಗಿ ಮೂರು ಪಾಲು ಮಾಡಲೇಬೇಕಿದ್ದರೆ ತಲಾ 11.2ರಂತೆ ಹಂಚಿ, ಪಕ್ಕದ ಕಾಲಂನಲ್ಲಿ "ಹಂಚಿದ್ದು" ಎಂದು ಗುರುತು ಹಾಕಬೇಕು.

ಇನ್ನೂ ಒಂದು: ಈ ಮಾಪಕದ 03:15 ಎಂದರೆ ಅವಧಿಯ ಕೊನೆ, ಐಮರ್ಜ್ ಕಡತದ ಹೆಸರಿನಲ್ಲಿ ಮೊದಲು ಬರುವ ಹೊತ್ತು ಅವಧಿಯ ಆರಂಭ. ದೊಡ್ಡ ನದಿಗೆ ಇದು ಲೆಕ್ಕಕ್ಕಿಲ್ಲದಿದ್ದರೂ ಇಂದ್ರಾಣಿಯಂಥ ಚಿಕ್ಕ ತೋಡಿಗೆ ಮಳೆ ಬಿದ್ದದ್ದಕ್ಕೂ ನೀರು ಏರಿದ್ದಕ್ಕೂ ನಡುವಿನ ಅಂತರವನ್ನೇ ಇದು ಕೆಡಿಸುತ್ತದೆ.

ಕೈ ಮಾಪಕದ ದಿನದ ಮೊತ್ತವನ್ನು ಎಸೆಯಬೇಕಾಗಿಲ್ಲ. ಹತ್ತಿರದ ಟೆಲಿಮೆಟ್ರಿಕ್ ಮಾಪಕದ ಏರಿಳಿತವನ್ನು ಅದಕ್ಕೆ ಎರವಲು ಕೊಡಬಹುದು. ಅದೇ 8:30ರಿಂದ 8:30ರ ಅವಧಿಗೆ ಟೆಲಿಮೆಟ್ರಿಕ್ 210, ಕೈ ಮಾಪಕ 231 ತೋರಿಸಿದ್ದರೆ ಗುಣಕ 1.1, 15 ನಿಮಿಷದ 11.5 ಮಿ.ಮೀ. ಇಲ್ಲಿ 12.65 ಆಗುತ್ತದೆ. ಗುಣಕ 0.7ಕ್ಕಿಂತ ಕೆಳಗೋ 1.4ಕ್ಕಿಂತ ಮೇಲೋ ಹೋದರೆ ಆ ಜೋಡಿಯನ್ನು ಬಿಡುವುದು ಲೇಸು, ಎರಡೂ ಕಡೆ ಬಿದ್ದದ್ದು ಒಂದೇ ಮಳೆ ಎಂದು ಹೇಳಲು ಆಗ ಧೈರ್ಯ ಸಾಲದು. ಮಾಪಕ ಓದುವವರ ಷರಾ ಕಾಲಂ ಓದದೆ ಇದನ್ನು ಮಾಡಬಾರದು. ನೆರೆಯ ಬೆಳಗ್ಗೆ 8:30ಕ್ಕೆ ಸರಿಯಾಗಿ ಮಾಪಕದ ಬಳಿ ಹೋಗಲು ರಸ್ತೆಯೇ ಇರುವುದಿಲ್ಲ, 10 ಗಂಟೆಗೆ ಓದಿದ್ದೂ 8:30ರ ಸಾಲಿನಲ್ಲೇ ಕೂರುತ್ತದೆ. 200 ಚದರ ಸೆಂ.ಮೀ. ಬಾಯಿಯ ಮಾಪಕಕ್ಕೆ 4 ಲೀಟರಿನ ಬಾಟಲಿ ಇದ್ದರೆ 200 ಮಿ.ಮೀ.ಗೆ ತುಂಬಿಹೋಗುತ್ತದೆ, ಆದ್ದರಿಂದ ಜೋರು ಮಳೆಯಲ್ಲಿ ನಡುರಾತ್ರಿಯೂ ಒಮ್ಮೆ ಅಳೆದು ಚೆಲ್ಲಿರುತ್ತಾರೆ. ಆ ನಡುವಿನ ಅಳತೆ ರಿಜಿಸ್ಟರಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಇರುತ್ತದೆ, ಟೈಪ್ ಆದ ಕೋಷ್ಟಕದಲ್ಲಿ ಇರುವುದಿಲ್ಲ. ಹೊತ್ತಿನ ಲೆಕ್ಕಕ್ಕೆ ಅದು ಚಿನ್ನ: ಒಂದು 24 ಗಂಟೆ ಎರಡು ತುಂಡಾಗಿ ಸಿಕ್ಕಂತೆ.

ಎಕ್ಸೆಲ್ ಬಗ್ಗೆ ಚುಟುಕಾಗಿ. ಕಂಪ್ಯೂಟರ್ ಅಮೆರಿಕದ ದಿನಾಂಕ ಕ್ರಮದಲ್ಲಿದ್ದರೆ 20/09/2020 ಎಂಬುದನ್ನು ಅದು ದಿನಾಂಕವೆಂದೇ ಒಪ್ಪದೆ ಪಠ್ಯವಾಗಿ ಎಡಕ್ಕೆ ಅಂಟಿಸುತ್ತದೆ. 10/09/2020 ಅನ್ನು ಮಾತ್ರ ಸದ್ದಿಲ್ಲದೆ ಅಕ್ಟೋಬರ್ 9 ಮಾಡಿ ಬಲಕ್ಕೆ ಇಡುತ್ತದೆ. ಒಂದೇ ಕಾಲಂನಲ್ಲಿ ತಿಂಗಳ ಮೊದಲ 12 ದಿನ ಬಲಕ್ಕೆ, ಉಳಿದವು ಎಡಕ್ಕೆ ಇದ್ದರೆ ಆ ಕಡತವನ್ನು ತಿದ್ದಲು ಹೋಗದೆ, ಬರಿಯ ಪಠ್ಯವಾಗಿರುವ ಮೂಲ ಸಿಎಸ್‌ವಿಯನ್ನೇ ಮತ್ತೆ ತರಿಸಿಕೊಳ್ಳಿ.

ಫೋಟೋದೊಳಗಿನ ಎರಡು ಗಡಿಯಾರ

ಕಲ್ಸಂಕದ ಚುಕ್ಕಿ 22:40ಕ್ಕೆ ಹತ್ತಿದ್ದು ಮೊಬೈಲ್ ಫೋಟೋದಿಂದ. ಫೋಟೋ ಕಡತದೊಳಗೇ ಕ್ಯಾಮೆರಾ ಬರೆದಿಡುವ ಎಕ್ಸಿಫ್ ಮಾಹಿತಿಯಲ್ಲಿ ಎರಡು ಹೊತ್ತು ಇರುತ್ತವೆ. ಒಂದು, ಕ್ಯಾಮೆರಾ ಕ್ಲಿಕ್ ಆದ ಸ್ಥಳೀಯ ಸಮಯ: 2020:09:20 04:10:00. ಇನ್ನೊಂದು, ಜಿಪಿಎಸ್ ವಿಭಾಗದಲ್ಲಿರುವ ದಿನಾಂಕ ಮತ್ತು ಸಮಯ: 2020:09:19, 22:40:00. ಜಿಪಿಎಸ್ ವಿಭಾಗದ್ದು ಯಾವತ್ತೂ ಯುಟಿಸಿ. ಎರಡೂ ಒಂದೇ ಕ್ಷಣವೇ, ನಡುವೆ ಐದೂವರೆ ಗಂಟೆ. ಸ್ಥಳದ ಜೊತೆಗೇ ಸಮಯವೂ ಇದೆಯಲ್ಲ ಎಂದು ಜಿಪಿಎಸ್ ಕಾಲಂಗಳನ್ನು ಎತ್ತಿಕೊಂಡರೆ ಭಾನುವಾರ ನಸುಕಿನ ನೀರು ಶನಿವಾರ ರಾತ್ರಿಯ ಊಟದ ಹೊತ್ತಿಗೆ ಬಂದು ನಿಲ್ಲುತ್ತದೆ. ಕ್ಯೂಜಿಐಎಸ್‌ನ ಜಿಯೋಟ್ಯಾಗ್ (ಸ್ಥಳ ನಮೂದಾದ) ಫೋಟೋ ಆಮದು ಮಾಡುವ ಉಪಕರಣ ತಾನಾಗಿ ತುಂಬುವ ಟೈಮ್‌ಸ್ಟ್ಯಾಂಪ್ ಕಾಲಂ ಸ್ಥಳೀಯ ಸಮಯದ್ದು. ಬೇರೆ ಸ್ಕ್ರಿಪ್ಟಿನಲ್ಲಿ ತೆಗೆದ ಅರ್ಧ ಫೋಟೋಗಳು, ಈ ಉಪಕರಣದಲ್ಲಿ ತೆಗೆದ ಇನ್ನರ್ಧ ಒಂದೇ ಲೇಯರಿನಲ್ಲಿ ಸೇರಿದಾಗಲೇ ಚುಕ್ಕಿಗಳು ಎರಡು ಅಲೆಯಾಗಿ ಹತ್ತಿಕೊಂಡವು. ಎರಡು ಅಲೆ ಕಂಡರೆ, ನಡುವಿನ ಅಂತರ ಐದೂವರೆ ಗಂಟೆಯೇ ಎಂದು ಮೊದಲು ಅಳೆಯಿರಿ.

ಎರಡೂ ಗಡಿಯಾರ ಇರುವುದು ಒಂದು ಅನುಕೂಲವೇ. ಸ್ಥಳೀಯ ಸಮಯದಿಂದ ಯುಟಿಸಿ ಸಮಯ ಕಳೆದರೆ 5:30 ಬರಬೇಕು. ಒಂದೆರಡು ನಿಮಿಷ ಹೆಚ್ಚುಕಡಿಮೆ ಆದರೆ ಪರವಾಗಿಲ್ಲ. ಹದಿನೈದು ನಿಮಿಷಕ್ಕಿಂತ ಹೆಚ್ಚು ತಪ್ಪಿದರೆ ಫೋನಿನ ಗಡಿಯಾರ ಕೈಯಿಂದ ಇಟ್ಟದ್ದಿರಬಹುದು, ಇಲ್ಲವೇ ಜಿಪಿಎಸ್ ಹೊಸ ಸ್ಥಾನ ಹಿಡಿಯದೆ ಹಳೆಯದನ್ನೇ ಬರೆದಿರಬಹುದು. ಎರಡನೆಯ ಸಂದರ್ಭದಲ್ಲಿ ಸ್ಥಳವೂ ಹಳೆಯದೇ: ಮನೆಯಲ್ಲಿದ್ದಾಗಿನ ಸ್ಥಾನ, ಸೇತುವೆ ಹತ್ತಿರದ ಚಿತ್ರ. ಹೀಗಾಗಿ ಹೊತ್ತು ಕೆಟ್ಟ ಫೋಟೋವನ್ನು ಜಾಗಕ್ಕಾಗಿಯೂ ಮತ್ತೊಮ್ಮೆ ನೋಡಬೇಕಾಗುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಫೋಟೋವಾಗಿ ಬಂದದ್ದರಲ್ಲಿ ಎಕ್ಸಿಫ್ ಉಳಿದಿರುವುದಿಲ್ಲ. ಕಡತದ ಹೆಸರಿನಲ್ಲಿ 20200920 ಎಂದು ಕಂಡರೂ ಅದು ಆ ಫೋನಿಗೆ ಚಿತ್ರ ಇಳಿದ ದಿನ, ತೆಗೆದ ದಿನವಲ್ಲ. ನೆರೆಯ ದಿನ ಹಳೆಯ ವರ್ಷದ ಚಿತ್ರಗಳೂ ಗ್ರೂಪಿನಿಂದ ಗ್ರೂಪಿಗೆ ತೇಲುತ್ತವೆ. ತೆಗೆದವರನ್ನು ಹುಡುಕಿ "ಡಾಕ್ಯುಮೆಂಟ್ ಆಗಿ ಕಳಿಸಿ" ಎಂದು ಕೇಳಿದರೆ ಮೂಲ ಕಡತ ಎಕ್ಸಿಫ್ ಸಮೇತ ಬರುತ್ತದೆ. ಸಿಗದಿದ್ದರೆ ಆ ಚಿತ್ರಕ್ಕೆ "20ರಂದು, ಹೊತ್ತು ಗೊತ್ತಿಲ್ಲ" ಎಂಬ 24 ಗಂಟೆಯ ಅವಧಿ ಕೊಡಬಹುದು, ಅದೂ ಚಿತ್ರ ಈ ನೆರೆಯದ್ದೇ ಎಂದು ಖಾತ್ರಿಯಿದ್ದರೆ ಮಾತ್ರ.

ಅಂಗಡಿಗಳ ಸಿಸಿಟಿವಿ ಇದಕ್ಕಿಂತ ತಕರಾರಿನದ್ದು. ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆಯ ಗಡಿಯಾರಕ್ಕೆ ಇಂಟರ್ನೆಟ್ ಜೋಡಣೆ ಇಲ್ಲದಿದ್ದರೆ ತಿಂಗಳುಗಟ್ಟಲೆ ಹಿಂದೆಮುಂದೆ ಜಾರುತ್ತಾ ಹೋಗುತ್ತದೆ. ಒಳಗಿನ ಸೆಲ್ ಮುಗಿದಿದ್ದರೆ ಕರೆಂಟ್ ಹೋಗಿ ಬಂದಾಗ 2000ದ ಜನವರಿ 1ಕ್ಕೆ ಹಿಂದಿರುಗುವುದೂ ಇದೆ. ದೃಶ್ಯ ನಕಲು ಮಾಡಿಕೊಳ್ಳುವಾಗಲೇ ಡಿವಿಆರ್ ಪರದೆಯ ಗಡಿಯಾರವನ್ನೂ ಫೋನಿನ ಗಡಿಯಾರವನ್ನೂ ಒಂದೇ ಚೌಕಟ್ಟಿನಲ್ಲಿ ಫೋಟೋ ಹಿಡಿದುಕೊಳ್ಳಬೇಕು. ಆ ವ್ಯತ್ಯಾಸವನ್ನು ಎಲ್ಲ ದೃಶ್ಯಗಳಿಗೂ ಕೂಡಿಸಿದರೆ ಮುಗಿಯಿತು. ಎರಡು ವಾರ ಬಿಟ್ಟು ಹೋದರೆ ಗಡಿಯಾರ ಇರುತ್ತದೆ, ದೃಶ್ಯದ ಮೇಲೆ ಹೊಸ ದೃಶ್ಯ ಬಂದಿರುತ್ತದೆ.

"ಶನಿವಾರ ರಾತ್ರಿ ಮೂರು ಗಂಟೆಗೆ"

ದಂಡೆಯ ಮನೆಗಳವರನ್ನು ಕೇಳಿದರೆ ಸಿಗುವ ಉತ್ತರ ಇದು: "ಶನಿವಾರ ರಾತ್ರಿ ಮೂರು ಗಂಟೆಗೆ ಅಂಗಳಕ್ಕೆ ನೀರು ಬಂತು ಮಾರ್ರೆ." ಬರೆದುಕೊಂಡವರು 19-09-2020, 03:00 ಎಂದು ನಮೂದಿಸಿದರೆ ಪೂರ್ತಿ 24 ಗಂಟೆ ತಪ್ಪು. ಜನರ ಲೆಕ್ಕದಲ್ಲಿ ಬೆಳಕು ಹರಿಯುವ ತನಕ ಹಿಂದಿನ ದಿನದ ರಾತ್ರಿಯೇ, ಆದ್ದರಿಂದ ಅದು 20ರ 03:00. ಸಮೀಕ್ಷೆಯ ಫಾರ್ಮಿನಲ್ಲಿ ದಿನಾಂಕ ಕೇಳುವ ಬದಲು "ಶನಿವಾರ ಮಲಗುವ ಮುಂಚೆಯೋ, ಮಲಗಿದ ಮೇಲೋ, ಭಾನುವಾರ ಎದ್ದ ಮೇಲೋ" ಎಂದು ಕೇಳಿ ತಾರೀಕನ್ನು ಫಾರ್ಮೇ ಹಾಕುವಂತೆ ಮಾಡಿದಾಗ ಈ ದೋಷ ಬಹುತೇಕ ನಿಂತಿತು. "ನಸುಕಿಗೆ" ಎಂದರೆ 04:30ರಿಂದ 06:15ರ ಅವಧಿ ಎಂದು ಮೊದಲೇ ಗೊತ್ತುಮಾಡಿಕೊಂಡು ಎಲ್ಲರೂ ಅದನ್ನೇ ಬಳಸಿದರೆ ಸಾಕು. ನಿಮಿಷಕ್ಕೆ ಸರಿಯಾದ ಸುಳ್ಳಿಗಿಂತ ಎರಡು ಗಂಟೆ ಅಗಲದ ನಿಜ ಮೇಲು.

ಇಲ್ಲೇ ಇನ್ನೊಂದು ಪ್ರಶ್ನೆಯನ್ನೂ ಸೇರಿಸಬೇಕು, ಪ್ರಕರಣದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ: "ಕೊನೆಯ ಸಲ ಒಣಗಿದ್ದನ್ನು ಎಷ್ಟು ಹೊತ್ತಿಗೆ ನೋಡಿದ್ದಿರಿ?" ಫೋಟೋ ಹೇಳುವುದು 04:10ಕ್ಕೆ ನೀರು ಇತ್ತು ಎಂದಷ್ಟೇ, ಬಂದದ್ದು ಯಾವಾಗ ಎಂದು ಹೇಳುವುದಿಲ್ಲ. 01:30ಕ್ಕೆ ಬಾತ್‌ರೂಮಿಗೆ ಎದ್ದಾಗ ಅಂಗಳ ಒಣಗಿತ್ತು ಎಂಬ ಮಾತು ಸಿಕ್ಕರೆ ಮುಳುಗಿದ ಹೊತ್ತು 01:30 ಮತ್ತು 04:10ರ ನಡುವೆ ಎಂದು ಕಟ್ಟಿಹಾಕಬಹುದು. ಪ್ರತಿ ಜಾಗಕ್ಕೂ ಕೊನೆಯ ಒಣ ಹೊತ್ತು, ಮೊದಲ ಒದ್ದೆ ಹೊತ್ತು ಎಂಬ ಎರಡು ಕಾಲಂ. ಮೊದಲನೆಯದು ಖಾಲಿ ಇದ್ದರೆ ಖಾಲಿಯಾಗಿಯೇ ಇರಲಿ, 00:00 ತುಂಬಬಾರದು.

ಡೇಟಾಬೇಸಿನಲ್ಲಿ ಇಟ್ಟ ಬಗೆ

ಎಲ್ಲವನ್ನೂ ಪೋಸ್ಟ್‌ಗ್ರೆಸ್ ಡೇಟಾಬೇಸಿನ ನಕ್ಷೆ ವಿಸ್ತರಣೆಯಾದ ಪೋಸ್ಟ್‌ಜಿಐಎಸ್‌ಗೆ ತರಲಾಯಿತು. ಶೇಪ್‌ಫೈಲ್ ಎಂಬ ಹಳೆಯ ನಕ್ಷೆ ಕಡತದ ಬಗೆ ಈ ಕೆಲಸಕ್ಕೆ ಆಗದು. ಅದರ ಡಿಬಿಎಫ್ ಕೋಷ್ಟಕದ ದಿನಾಂಕ ಕಾಲಂ ವರ್ಷ, ತಿಂಗಳು, ದಿನ ಇಷ್ಟನ್ನೇ ಹಿಡಿಯುತ್ತದೆ. ಗಂಟೆ ನಿಮಿಷ ಒಂದೋ ಕಳೆದುಹೋಗುತ್ತವೆ, ಇಲ್ಲವೇ ಪಠ್ಯವಾಗಿ ಬೇರೆ ಕಾಲಂ ಸೇರುತ್ತವೆ. ಜಿಯೋಪ್ಯಾಕೇಜ್ ಎಂಬ ಇನ್ನೊಂದು ಕಡತದ ಬಗೆ ಗಂಟೆ ನಿಮಿಷ ಉಳಿಸಿಕೊಳ್ಳುತ್ತದೆ, ಆದರೆ ಅದರ ನಿಯಮದಂತೆ ಹೊತ್ತು ಎಂದರೆ ಯುಟಿಸಿ. ವಲಯ ಹೇಳದ ಭಾರತೀಯ ಸಮಯ 04:10 ಕೊಟ್ಟರೆ ಅದನ್ನೇ ಯುಟಿಸಿ 04:10 ಎಂದು ಮುದ್ರೆ ಒತ್ತಿ ಇಟ್ಟುಕೊಳ್ಳಬಹುದು. ಮುಂದೆ ವಲಯ ಅರಿಯುವ ಡೇಟಾಬೇಸಿಗೆ ಹೋದಾಗ ಅದು ಬೆಳಗ್ಗೆ 9:40 ಆಗಿ ಹೊರಬರುತ್ತದೆ.

ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಸಾಲಿನ ಹೊತ್ತನ್ನು ವಲಯ ಸಹಿತ ಟೈಮ್‌ಸ್ಟ್ಯಾಂಪ್‌ಗಳ ಶ್ರೇಣಿಯಾಗಿ, ಅಂದರೆ ಟಿಎಸ್‌ಟಿಝಡ್‌ರೇಂಜ್ ಎಂಬ ಬಗೆಯ ಒಂದೇ ಕಾಲಂನಲ್ಲಿ ಇಡಲಾಯಿತು. ಆರಂಭ ಒಳಗೆ, ಕೊನೆ ಹೊರಗೆ. 03:00–03:15 ಮತ್ತು 03:15–03:30 ಎಂಬ ಸಾಲುಗಳು ಆಗ 03:15ರಲ್ಲಿ ಒಂದರ ಮೇಲೊಂದು ಬೀಳುವುದಿಲ್ಲ, ಕೂಡಿಸುವಾಗ ಮಳೆ ಎರಡು ಸಲ ಎಣಿಕೆಯಾಗುವುದಿಲ್ಲ. ಒಂದೇ ಮಾಪಕದ ಎರಡು ಅವಧಿಗಳು ಅತಿಕ್ರಮಿಸಿದರೆ ಸಾಲನ್ನೇ ತಿರಸ್ಕರಿಸುವ ಎಕ್ಸ್‌ಕ್ಲೂಡ್ ನಿರ್ಬಂಧ ಹಾಕಿದ್ದು ದೊಡ್ಡ ಕೆಲಸ ಮಾಡಿತು. ಅದಕ್ಕೆ ಬಿಟ್ರೀ_ಜಿಸ್ಟ್ ಎಕ್ಸ್‌ಟೆನ್ಷನ್ ಬೇಕು. ಎರಡು ಸಲ ಆಮದಾದ ಕಡತಗಳು, ಕೈತಪ್ಪಿ ಯುಟಿಸಿಯಲ್ಲೇ ಬಂದ ಕಂತುಗಳು ಅಲ್ಲೇ ಸಿಕ್ಕಿಬಿದ್ದವು.

ವಲಯದ ಹೆಸರು ಬರೆಯುವಾಗ ಎರಡು ಕಡೆ ಕಾಲು ಜಾರುತ್ತದೆ. "ಐಎಸ್‌ಟಿ" ಎಂಬ ಸಂಕ್ಷೇಪವನ್ನು ಪೋಸ್ಟ್‌ಗ್ರೆಸ್‌ನ ಡೀಫಾಲ್ಟ್ ಪಟ್ಟಿ ಇಸ್ರೇಲಿನ ಸಮಯ ಎಂದು ಓದುತ್ತದೆ, ಮೂರೂವರೆ ಗಂಟೆ ವ್ಯತ್ಯಾಸ. "ಯುಟಿಸಿ+5:30" ಎಂದು ವಲಯದ ಜಾಗದಲ್ಲಿ ಬರೆದರೆ ಇನ್ನೂ ಕೆಟ್ಟದ್ದು: ಅಲ್ಲಿ ಅನ್ವಯಿಸುವ ಹಳೆಯ ಪಾಸಿಕ್ಸ್ ರೂಢಿಯಲ್ಲಿ ಕೂಡು ಚಿಹ್ನೆ ಎಂದರೆ ಗ್ರೀನಿಚ್‌ನ ಪಶ್ಚಿಮ. ಹೊತ್ತು ಹನ್ನೊಂದು ಗಂಟೆ ಆಚೆ ಹೋಗುತ್ತದೆ. "ಏಷ್ಯಾ/ಕೋಲ್ಕತಾ" ಎಂಬ ಪೂರ್ಣ ಹೆಸರನ್ನು ಅದರ ಇಂಗ್ಲಿಷ್ ರೂಪದಲ್ಲಿ ಬಳಸಿದರೆ ಎರಡೂ ತಾಪತ್ರಯ ಇಲ್ಲ.

ಉಳಿದ ಕಾಲಂಗಳು: ಬಂದ ಹಾಗೆಯೇ ಉಳಿಸಿದ ಮೂಲ ಪಠ್ಯ, ಅದು ಯಾವ ಗಡಿಯಾರದ್ದು, ಮೂಲದಲ್ಲಿ ಅವಧಿಯ ಆರಂಭವೋ ಕೊನೆಯೋ, ಎಷ್ಟು ತಿದ್ದಲಾಯಿತು. ಮೂಲ ಪಠ್ಯದ ಕಾಲಂ ಇಲ್ಲದೆ ಹೊತ್ತು ತಿದ್ದಲು ಇಳಿಯಲೇಬಾರದು. ಐದೂವರೆ ಗಂಟೆ ಎರಡು ಸಲ ಕೂಡಿಸಿದ ಸಾಲನ್ನು ಆಮೇಲೆ ಗುರುತಿಸಲು ಬೇರೆ ದಾರಿ ಇರುವುದಿಲ್ಲ.

ಇದರ ಜೊತೆಗೆ, ಮಾಹಿತಿ ನಮಗೆ ತಿಳಿದ ಹೊತ್ತಿಗೂ ಒಂದು ಕಾಲಂ ಇದೆ. 04:10ಕ್ಕೆ ಮುಳುಗಿದ ಮನೆಯ ಸುದ್ದಿ ಕಂಟ್ರೋಲ್ ರೂಮಿಗೆ 07:20ಕ್ಕೆ ತಲುಪಿರಬಹುದು. "6 ಗಂಟೆಗೆ ಎಲ್ಲೆಲ್ಲಿ ನೀರಿತ್ತು" ಮತ್ತು "6 ಗಂಟೆಗೆ ಎಲ್ಲೆಲ್ಲಿ ನೀರಿದೆ ಎಂದು ಗೊತ್ತಿತ್ತು" ಇವು ಎರಡು ಬೇರೆ ನಕ್ಷೆಗಳು. ದೋಣಿ ಯಾಕೆ ತಡವಾಯಿತು ಎಂಬ ಪ್ರಶ್ನೆ ಬಂದಾಗ ಉತ್ತರ ಕೊಡಬಲ್ಲದ್ದು ಎರಡನೆಯದು.

ಗಡಿಗಳಿಗೂ ಕಾಲ ಇದೆ. ಮೊದಲು ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರೇ ತಾಲೂಕುಗಳಿದ್ದ ಜಿಲ್ಲೆಯಲ್ಲಿ ಈಗ ಬ್ರಹ್ಮಾವರ, ಕಾಪು, ಬೈಂದೂರು, ಹೆಬ್ರಿ ಸೇರಿ ಏಳು. ಹಳೆಯ ಕೋಷ್ಟಕದ "ಉಡುಪಿ ತಾಲೂಕು ಸರಾಸರಿ"ಯಲ್ಲಿ ಬ್ರಹ್ಮಾವರದ ಮಾಪಕವೂ ಇತ್ತು, ಹೊಸದರಲ್ಲಿ ಇಲ್ಲ. ಹೋಲಿಸುವುದಾದರೆ ತಾಲೂಕು ಬಿಟ್ಟು ಮಾಪಕಗಳ ಮಟ್ಟಕ್ಕೇ ಇಳಿಯಬೇಕು.

ಮಳೆಯನ್ನು ನೀರಿಗೆ ಜೋಡಿಸುವುದು

ಗಡಿಯಾರಗಳೆಲ್ಲ ಒಂದಾದ ಮೇಲೂ ಸ್ವರ್ಣೆಯ ಕೆಳದಂಡೆಯ ಕೆಮ್ಮಣ್ಣು ಕಡೆಯ ಚುಕ್ಕಿಗಳು ಮಳೆಗೆ ಹೊಂದದೆ ಉಳಿದವು. ಕಾರಣ ಸಮಯದ್ದಲ್ಲ, ಜೋಡಣೆಯದ್ದು. ಪ್ರತಿ ಚುಕ್ಕಿಗೂ ಹತ್ತಿರದ ಮಾಪಕವನ್ನು ಹೊಂದಿಸುವ ಸಲೀಸು ವಿಧಾನ ಕಲ್ಸಂಕಕ್ಕೆ ಸರಿ, ಅಲ್ಲಿಗೆ ಬರುವುದು ಮಣಿಪಾಲದ ಇಳಿಜಾರು ಮತ್ತು ಪೇಟೆಯ ಕಾಂಕ್ರೀಟಿನ ಮೇಲೆ ಬಿದ್ದ ನೀರೇ. ಸ್ವರ್ಣೆಯ ಕೆಳದಂಡೆಯ ನೀರು ಕಾರ್ಕಳದ ಘಟ್ಟದ ಬುಡದಿಂದ ಹೊರಟು, ಹಿರಿಯಡ್ಕದ ಬಜೆ ಅಣೆಕಟ್ಟನ್ನು ದಾಟಿ, ಕಲ್ಯಾಣಪುರದ ಮೂಲಕ ಇಳಿದು ಬಂದದ್ದು. ಅದಕ್ಕೆ ಕೆಮ್ಮಣ್ಣಿನ ಮಾಪಕ ಏನು ಹೇಳೀತು? ಹಾಗಾಗಿ ಎತ್ತರದ ನಕ್ಷೆಯಿಂದ ಪ್ರತಿ ಚುಕ್ಕಿಯ ಜಲಾನಯನ ಬಿಡಿಸಿ, ಅದರೊಳಗಿನ ಮಾಪಕಗಳ 15 ನಿಮಿಷದ ಮಳೆಯನ್ನು, ಚುಕ್ಕಿ ಮುಳುಗಿದ ಅವಧಿಗಿಂತ 1, 2, 3, 6, 9, 12 ಗಂಟೆ ಹಿಂದಿನ ಕಿಟಕಿಗಳಲ್ಲಿ ಕೂಡಿಸಿ ನೋಡಬೇಕು. ತೋಡಿನ ಬದಿಯ ಚುಕ್ಕಿಗಳಿಗೆ ಚಿಕ್ಕ ಕಿಟಕಿ ಹೊಂದುತ್ತದೆ, ನದಿಯ ಕೆಳದಂಡೆಗೆ ದೊಡ್ಡದು. ಎರಡನ್ನೂ ಒಂದೇ ಹಿಂಬೀಳಿಕೆಯಲ್ಲಿ (ಮಳೆಗೂ ನೆರೆಗೂ ನಡುವಿನ ಅಂತರದಲ್ಲಿ) ಅಳೆಯಲು ಹೊರಟರೆ ಯಾವುದೂ ಹೊಂದುವುದಿಲ್ಲ.

ಅಳಿವೆಯ ಹತ್ತಿರ ಇನ್ನೊಂದು ಲೆಕ್ಕ ಸೇರುತ್ತದೆ. ಸ್ವರ್ಣೆ, ಸೀತೆ ಎರಡೂ ಕೋಡಿಬೆಂಗ್ರೆಯಲ್ಲಿ ಸಮುದ್ರ ಸೇರುತ್ತವೆ, ಭರತದ (ಉಬ್ಬರದ) ಹೊತ್ತಿಗೆ ನೆರೆನೀರಿಗೆ ಇಳಿಯಲು ದಾರಿ ಕಡಿಮೆ. ಆ ವರ್ಷ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 17ರಂದು ಬಿದ್ದಿತ್ತು, ಅಂದರೆ ಎರಡು ದಿನದ ನಂತರ ಉಬ್ಬರ ಇನ್ನೂ ದೊಡ್ಡದೇ ಇರುವ ಕಾಲ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ "ನಿನ್ನೆಯ ಹೊತ್ತಿಗೇ ಇಂದೂ" ಎಂದು ನಕಲು ಮಾಡಿದರೆ ದಿನಕ್ಕೆ 50 ನಿಮಿಷ ಜಾರುತ್ತದೆ. ಅಂತರರಾಷ್ಟ್ರೀಯ ತಾಣಗಳಿಂದ ಇಳಿಸಿದ ಸಮುದ್ರಮಟ್ಟದ ಅಂಕಿಗಳು ಹೆಚ್ಚಾಗಿ ಯುಟಿಸಿಯಲ್ಲೇ ಇರುತ್ತವೆ. ಇಲ್ಲಿ ಐದೂವರೆ ಗಂಟೆ ತಪ್ಪಿದರೆ ಭರತದ ಜಾಗದಲ್ಲಿ ಹೆಚ್ಚುಕಡಿಮೆ ಇಳಿತವೇ ಬಂದು ಕೂರುತ್ತದೆ, ತೀರ್ಮಾನ ತಲೆಕೆಳಗು.

ರಾಡಾರ್ ಚಿತ್ರಗಳನ್ನು ಅನಿಮೇಷನ್‌ಗೆ ಸೇರಿಸಲಿಲ್ಲ. ರಾಡಾರ್ ಉಪಗ್ರಹ ಸೆಂಟಿನೆಲ್-1ರ ಒಂದು ಚಿತ್ರ ಎಂದರೆ ಕೆಲವು ಸೆಕೆಂಡುಗಳ ನೋಟ, ಅದನ್ನು "20ರ ನೆರೆ ನಕ್ಷೆ" ಎಂದು ಕರೆಯುವುದು ತಪ್ಪು. ಮೇಲಾಗಿ ನೀರು ನಿಂತ ಬೈಲು ಗದ್ದೆಯೂ ಅದಕ್ಕೆ ನೆರೆಯಂತೆಯೇ ಕಾಣಬಹುದು. ಅದೇ ಕಕ್ಷೆಯ 12 ದಿನ ಹಿಂದಿನ ಚಿತ್ರದೊಂದಿಗೆ ಹೋಲಿಸದೆ ಬಳಸುವಂತಿಲ್ಲ.

ಓಡಿಸುವುದು

ಕ್ಯೂಜಿಐಎಸ್‌ನ 3.14ನೇ ಆವೃತ್ತಿಯಿಂದ ಹೊತ್ತಿನಂತೆ ನಕ್ಷೆ ಓಡಿಸುವ ಟೆಂಪೊರಲ್ ಕಂಟ್ರೋಲರ್ ಒಳಗೇ ಇದೆ, ಪ್ಲಗಿನ್ ಬೇಡ. ಆದರೆ ಒಂದು ಲೇಯರಿಗೆ ವಲಯ ಸಹಿತ ಹೊತ್ತು, ಇನ್ನೊಂದಕ್ಕೆ ವಲಯವಿಲ್ಲದ ಹೊತ್ತು ಕೊಟ್ಟರೆ ಪರದೆಯಲ್ಲಿ ಮತ್ತೆ ಅದೇ ಐದೂವರೆ ಗಂಟೆ ತಲೆಯೆತ್ತುತ್ತದೆ. ಡೇಟಾಬೇಸಿನಲ್ಲಿ ಸತ್ಯ ವಲಯ ಸಹಿತವೇ ಇರಲಿ. ನಕ್ಷೆಗಾಗಿ ಒಂದು ವ್ಯೂ (ಮೂಲ ಕೋಷ್ಟಕದಿಂದ ಹೊರಡುವ ತೋರಿಕೆಯ ಕೋಷ್ಟಕ) ಮಾಡಿ, ಎಲ್ಲ ಲೇಯರ್‌ಗಳಿಗೂ ಭಾರತೀಯ ಕಾಲಮಾನದ, ವಲಯ ಕಳಚಿದ ಆರಂಭ ಮತ್ತು ಕೊನೆ ಎಂಬ ಎರಡು ಕಾಲಂ ಕೊಡುವುದು ಕ್ಷೇಮ. ಲೇಯರ್ ಪ್ರಾಪರ್ಟೀಸ್‌ನ ಟೆಂಪೊರಲ್ ವಿಭಾಗದಲ್ಲಿ "ಆರಂಭ ಮತ್ತು ಕೊನೆಗೆ ಬೇರೆ ಬೇರೆ ಫೀಲ್ಡ್" ಆಯ್ಕೆ, ಮಿತಿಯಲ್ಲಿ "ಆರಂಭ ಸೇರಿ, ಕೊನೆ ಬಿಟ್ಟು". 19ರ 20:00ರಿಂದ 20ರ 12:00, ಹೆಜ್ಜೆ 15 ನಿಮಿಷ, ಒಟ್ಟು 64 ಚೌಕಟ್ಟು.

ಐಮರ್ಜನ್ನು ರಾಸ್ಟರ್ (ಚೌಕಗಳ ಚಿತ್ರ) ಆಗಿ ತರಲು ಹೋದರೆ ಪ್ರತಿ ಅರ್ಧ ಗಂಟೆಗೊಂದು ಲೇಯರಿಗೆ ಕೈಯಿಂದ ಅವಧಿ ಕಟ್ಟಬೇಕು. ಉತ್ತರ ಅಕ್ಷಾಂಶ 13.1ರಿಂದ 13.6, ಪೂರ್ವ ರೇಖಾಂಶ 74.6ರಿಂದ 75.2ರ ನಡುವೆ ಇರುವುದು 30 ಚೌಕ, 16 ಗಂಟೆಗೆ 32 ಅವಧಿ, ಅಂದರೆ 960 ಸಾಲು. ಅಷ್ಟಕ್ಕೆ ಚೌಕಗಳನ್ನು ಆಕೃತಿಗಳಾಗಿ ಇಡುವ ಪಾಲಿಗನ್ ಲೇಯರೇ ಹಗುರ, ಮೌಲ್ಯ ತಟ್ಟಿ ನೋಡಲೂ ಬರುತ್ತದೆ.

ಮುಳುಗಿದ ಜಾಗಗಳಿಗೆ ಎರಡು ಲೇಯರ್. ಕೊನೆಯ ಒಣ ಹೊತ್ತಿನಿಂದ ಮೊದಲ ಒದ್ದೆ ಹೊತ್ತಿನವರೆಗೆ ಟೊಳ್ಳು ಉಂಗುರ, ಅಲ್ಲಿಂದ ನೀರು ಇಳಿದದ್ದು ಗೊತ್ತಾಗುವವರೆಗೆ ತುಂಬಿದ ಚುಕ್ಕಿ. ಮೊದಲ ಆವೃತ್ತಿಯಲ್ಲಿ ಚುಕ್ಕಿಗೆ ಒಂದೇ ಕ್ಷಣ ಇದ್ದುದರಿಂದ ಅದು ಒಂದು ಚೌಕಟ್ಟಿನಲ್ಲಿ ಮಿಂಚಿ ಮಾಯವಾಗುತ್ತಿತ್ತು, ನೋಡಿದವರು ನೀರು ಹದಿನೈದೇ ನಿಮಿಷದಲ್ಲಿ ಇಳಿಯಿತೇ ಎಂದು ಕೇಳುವಂತಿತ್ತು. "ಒಟ್ಟುಗೂಡಿಸುತ್ತಾ ಹೋಗು" ಎಂಬ ಆಯ್ಕೆ ಹಾಕಿದರೆ ತದ್ವಿರುದ್ಧ ಸುಳ್ಳು: ಯಾವ ಜಾಗದ ನೀರೂ ಇಳಿಯುವುದೇ ಇಲ್ಲ. ಕೊನೆಯ ಹೊತ್ತು ಗೊತ್ತಿಲ್ಲದ ಚುಕ್ಕಿಗಳು 12:00ರವರೆಗೆ ಉಳಿಯುತ್ತವೆ, ಆದರೆ ಮೊದಲ ಫೋಟೋದ ಎರಡು ಗಂಟೆ ನಂತರ ಬಣ್ಣ ಮಸುಕಾಗುತ್ತದೆ. ಆ ಎರಡು ಗಂಟೆ ನಮ್ಮದೇ ನಿರ್ಧಾರ, ಅದನ್ನು ನಕ್ಷೆಯ ಸೂಚಿಯಲ್ಲೇ ಬರೆದಿಡಲಾಗಿದೆ.

ಮೂಲೆಯ ಗಡಿಯಾರದ ಪಠ್ಯದಲ್ಲಿ "20 ಸೆಪ್ಟೆಂಬರ್ 04:15" ಎಂದಷ್ಟೇ ಇದ್ದರೆ ಸಾಲದು. "04:00–04:15, ಭಾರತೀಯ ಕಾಲಮಾನ" ಎಂದು ಅವಧಿಯ ಎರಡೂ ತುದಿ ಬರಬೇಕು. ವಿಡಿಯೋ ಮಾಡಿ ಹಂಚಿದ ಮೇಲೆ ಮೂಲ ಲೇಯರ್ ತೆರೆದು ನೋಡುವವರು ಯಾರೂ ಇಲ್ಲ.

ಹೀಗೆ ಓಡಿಸಿದಾಗ ನೆರೆಗಿಂತ ಮಳೆ ಮೊದಲಾಯಿತು, ತೋಡಿನ ಬದಿಯ ಚುಕ್ಕಿಗಳು ನದಿಯ ಕೆಳದಂಡೆಯ ಚುಕ್ಕಿಗಳಿಗಿಂತ ಮೊದಲು ಹತ್ತಿಕೊಂಡವು. ಎಲ್ಲೂ ಕೂರದೆ ಉಳಿದ ಸಾಲುಗಳು ಎರಡು ಬಗೆಯವು: ಗಡಿಯಾರ ತಾಳೆ ನೋಡದೆ ನಕಲು ಮಾಡಿಕೊಂಡ ಸಿಸಿಟಿವಿ ದೃಶ್ಯಗಳು, ಮತ್ತು ಕಳಿಸಿದವರಾರೆಂದು ಗೊತ್ತಾಗದ ವಾಟ್ಸ್‌ಆ್ಯಪ್ ಚಿತ್ರಗಳು. ಅವುಗಳ ಹೊತ್ತನ್ನು ಮಳೆಗೆ ಹೊಂದುವಂತೆ ಸ್ವಲ್ಪ ಸರಿಸುವ ಆಸೆ ಯಾರಿಗೂ ಆಗುತ್ತದೆ. ಸರಿಸಿದರೆ ಮಳೆಯಿಂದ ನೆರೆಯನ್ನು ಅಳೆಯಲು ಹೊರಟ ನಕ್ಷೆಯಲ್ಲಿ ಉತ್ತರವನ್ನೇ ಪ್ರಶ್ನೆಗೆ ಬೆರೆಸಿದಂತೆ. ಅವು ಅನಿಮೇಷನ್‌ನಿಂದ ಹೊರಗುಳಿದು, ಒಟ್ಟು ಮುಳುಗಿದ ಜಾಗಗಳ ಸ್ಥಿರ ನಕ್ಷೆಯಲ್ಲಿ ಮಾತ್ರ, ಬೇರೆ ಗುರುತಿನಲ್ಲಿ ಇವೆ.